ಅಂಗಳದಲ್ಲಿ ಲಾರ್ಕ್‌ಸ್ಪರ್

ಚಳಿಗಾಲದಲ್ಲಿ ಹೂಬಿಡುವ ವಾರ್ಷಿಕ ಸಸ್ಯಗಳಲ್ಲಿ ಲಾರ್ಕ್‌ಸ್ಪರ್ ಎಂಬ ಗಿಡವನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ಸಬ್ಬಸಿಗೆ ಸೊಪ್ಪಿನಂತೆ ನವುರಾಗಿ ಸೀಳಿದ ಎಲೆಗಳು. ಅವುಗಳ ನಡುವಿನಿಂದ ನೆಟ್ಟಗೆ ಮೇಲೇಳುವ ಒಂದು ಹೂಗೊಂಚಲು. ಅದರ ಉದ್ದಕ್ಕೂ ನೀಲಿ, ನೇರಿಳೆ, ನಸುಗೆಂಪು ಅಥವಾ ಬಿಳಿಯ ಹೂಗಳು. ಪ್ರತಿಯೊಂದು ಹೂವಿನ ಹಿಂಬದಿಯಲ್ಲಿಯೂ ಸಣ್ಣದೊಂದು ಬಾಲ. ಈ ಬಾಲದಿಂದಲೇ ಗಿಡಕ್ಕೆ ಆ ಹೆಸರು. ಲಾರ್ಕ್ ಎಂಬುದು ನಮ್ಮ ಬಯಲುಗಳಲ್ಲಿ ಕಾಣುವ ನೆಲಗುಬ್ಬಿಯ ಬಳಗಕ್ಕೆ ಸೇರಿದ ಹಕ್ಕಿ. ಅದರ ಹಿಂಬೆರಳಿನ ಉಗುರು ನೀಳವಾಗಿರುವುದು. ಹೂವಿನ ಬಾಲವನ್ನು ಆ ಉಗುರಿಗೆ ಹೋಲಿಸಿ ಇಂಗ್ಲಿಷರು ಹೆಸರಿಟ್ಟರು. ಗ್ರೀಕರಿಗೆ ಅದರ ಮೊಗ್ಗು ಡಾಲ್ಫಿನ್ ಮೀನಿನಂತೆ ಕಂಡಿತು. ಆದುದರಿಂದ ಡೆಲ್ಫಿನಿಯಮ್ ಎಂಬ ಶಾಸ್ತ್ರೀಯ ನಾಮ ಬಂದಿತು. ಡಾಲ್ಫಿನ್ ಮೀನಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿಸುವ ಮೊದಲೇ ಒಪ್ಪಿಕೊಳ್ಳುತ್ತೇವೆ.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಹೂಗಿಡದ ಗೊಡವೆ ಏಕೆ ಬಂದಿತೆಂದರೆ, ಈ ಗಿಡ ನಮ್ಮನ್ನು ಎರಡು ಬಾರಿ ಸೋಲಿಸಿತು. ನಾಲ್ಕು ವರ್ಷಗಳ ಕೆಳಗೆ ಮಾರ್ಚ್ ತಿಂಗಳಲ್ಲಿ, ಪೊಟ್ಟಣದ ಮೇಲಿನ ಚಿತ್ರಕ್ಕೆ ಮರುಳಾಗಿ ಬೀಜವನ್ನು ಕೊಂಡು ತಂದು ಅಂಗಳದ ಪಾತಿಯಲ್ಲಿ ಬಿತ್ತಿದೆವು. ದಿನಕ್ಕೆರಡು ಬಾರಿ ನೀರು ಚಿಮುಕಿಸಿದೆವು. ನಲವತ್ತು ದಿವಸ ಕಾದರೂ ಒಂದು ಮೊಳಕೆಯೂ ಕಾಣಲಿಲ್ಲ. ಬೀಜ ಹಳೆಯದೆಂದು ಅಂಗಡಿಯವನನ್ನು ಆಕ್ಷೇಪಿಸಿ ಮತ್ತೊಂದು ಪೊಟ್ಟಣ ತಂದು ಬಿತ್ತಿದುದಾಯಿತು. ಫಲ ಅದೇ. ಕೊನೆಗೆ ಒಂದು ಮಧ್ಯಾಹ್ನ ಉಷ್ಣಮಾಪಕವನ್ನು ಅದೇ ಪಾತಿಯಲ್ಲಿ ಬೀಜದ ಆಳಕ್ಕೆ ಊರಿದಾಗ ಪಾದರಸವು 40 ಡಿಗ್ರಿಯನ್ನು ದಾಟಿ ನಿಂತಿತು. ಬೀಜದಲ್ಲಿಯೂ ಅಂಗಡಿಯವನಲ್ಲಿಯೂ ದೋಷವಿರಲಿಲ್ಲ.

ಈ ಗಿಡದ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಪ್ರದೇಶ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಾಲ. ನಮ್ಮ ನಾಡಿನ ಕ್ರಮಕ್ಕೆ ಇದು ತದ್ವಿರುದ್ಧ. ಬೇಸಿಗೆಯಲ್ಲಿ ಅಕಸ್ಮಾತ್ತಾಗಿ ಒಂದು ಹನಿಮಳೆ ಬಂದಾಗ ಮೊಳೆತ ಬೀಜ ಅಲ್ಲಿ ಎರಡು ವಾರದೊಳಗೆ ಒಣಗಿ ಸಾಯುವುದು. ಸಂತಾನವನ್ನು ಉಳಿಸಿಕೊಳ್ಳುವುದು, ತೇವ ಸಿಕ್ಕಿದರೂ ತಂಪು ಬರುವವರೆಗೆ ಕಾಯುವ ಬೀಜವೇ. ಹೀಗೆ ಲಕ್ಷಾಂತರ ವರ್ಷಗಳ ಆಯ್ಕೆಯಿಂದ ಲಾರ್ಕ್‌ಸ್ಪರ್ ಬೀಜಕ್ಕೆ ತನ್ನದೇ ಆದ ಒಂದು ಉಷ್ಣಮಾಪಕ ದೊರೆತಿದೆ ಎನ್ನಬಹುದು. ಮಣ್ಣಿನ ಉಷ್ಣತೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ಇರುವಾಗ ಅದು ಚೆನ್ನಾಗಿ ಮೊಳೆಯುತ್ತದೆ. 20 ಡಿಗ್ರಿಯನ್ನು ಮೀರಿದರೆ ಬಹುಪಾಲು ಬೀಜಗಳು ಸುಮ್ಮನಿದ್ದುಬಿಡುತ್ತವೆ. ಬೆಳಕೂ ಅದಕ್ಕೆ ಹಿತವಲ್ಲ; ಕತ್ತಲೆ ಬೇಕು.

ನಮ್ಮ ಮೈಸೂರು, ಬೆಂಗಳೂರು ಸೀಮೆಯಲ್ಲಿ ಡಿಸೆಂಬರ್ ತಿಂಗಳ ರಾತ್ರಿಯ ಕನಿಷ್ಠ ಉಷ್ಣತೆಯೇ ಸರಾಸರಿ 16 ಡಿಗ್ರಿಯ ಆಸುಪಾಸಿನಲ್ಲಿರುವುದು. ಹಗಲಿನಲ್ಲಿ 27ಕ್ಕೆ ಏರುವುದು. ಎಂದರೆ, ವರ್ಷದ ಅತ್ಯಂತ ತಂಪಾದ ದಿನಗಳಲ್ಲಿಯೂ ಬೀಜಕ್ಕೆ ಬೇಕಾದಷ್ಟು ತಂಪು ತಾನಾಗಿ ದೊರೆಯುವುದಿಲ್ಲ. ಬೆಳೆಸುವವನೇ ಸ್ವಲ್ಪ ಉಪಾಯ ಮಾಡಬೇಕು. ಕರಾವಳಿಯ ಸೆಕೆಯಲ್ಲಿ ಈ ಉಪಾಯಗಳಿಂದಲೂ ಹೆಚ್ಚು ಪ್ರಯೋಜನವಾಗದು. ಕೊಡಗು, ಚಿಕ್ಕಮಗಳೂರುಗಳ ಮಲೆಗಳಲ್ಲಿರುವವರು ಭಾಗ್ಯವಂತರು.

ಮೊದಲನೆಯ ಉಪಾಯಕ್ಕೆ ಮನೆಯ ಶೀತಕಪೆಟ್ಟಿಗೆಯೇ ಸಾಕು. ಬೀಜವನ್ನು ಅದರ ನಾಲ್ಕರಷ್ಟು ಒದ್ದೆ ಮರಳಿನೊಡನೆ ಬೆರಸಿ, ಮುಚ್ಚಳವುಳ್ಳ ಚಿಕ್ಕ ಡಬ್ಬಿಯಲ್ಲಿ ಹಾಕಿ, ಶೀತಕಪೆಟ್ಟಿಗೆಯ ಕೆಳಗಿನ ಅರೆಯಲ್ಲಿ ಎರಡು ವಾರ ಇಡಬೇಕು. ಮಂಜುಗಡ್ಡೆಯ ಅರೆಯಲ್ಲಿ ಇಡಕೂಡದು. ಮರಳು ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವವಾಗಿದ್ದರೆ ಸರಿ. ಅಲ್ಲಿನ 4–5 ಡಿಗ್ರಿಯ ತಂಪಿನಲ್ಲಿ ಬೀಜವು ಚಳಿಗಾಲ ಬಂದಿತೆಂದು ಭ್ರಮಿಸುವುದು. ಒಳಗಿದ್ದಂತೆಯೇ ಒಂದೆರಡು ಬೀಜಗಳು ಬಿಳಿಯ ಬೇರನ್ನು ಚಾಚಿದರೆ ಮರುದಿನವೇ ಬಿತ್ತಿಬಿಡಬೇಕು. ಡಬ್ಬಿಯ ಮೇಲೆ ಹೆಸರನ್ನು ಬರೆಯಲು ಮಾತ್ರ ಮರೆಯಬಾರದು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ಎರಡನೆಯದು ಮಣ್ಣಿನ ವಿಚಾರ. ಹಗಲುರಾತ್ರಿಗಳ ಉಷ್ಣತೆಯ ಏರಿಳಿತವು ನೆಲದೊಳಕ್ಕೆ ಒಂದು ತರಂಗದಂತೆ ಇಳಿಯುತ್ತದೆ. ಇಳಿಯುತ್ತ ಹೋದಂತೆ ಅದು ಕುಗ್ಗುವುದಲ್ಲದೆ ತಡವೂ ಆಗುತ್ತದೆ. ಸಾಧಾರಣ ತೇವವುಳ್ಳ ಮಣ್ಣಿನಲ್ಲಿ 10–12 ಸೆಂಟಿಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಮೇಲ್ಮೈಯ ಏರಿಳಿತದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದಿರುತ್ತದೆ. ಆದರೆ ಲಾರ್ಕ್‌ಸ್ಪರ್ ಬೀಜವನ್ನು ಬಿತ್ತುವುದು ಅರ್ಧ ಸೆಂಟಿಮೀಟರ್ ಆಳದಲ್ಲಿ. ಅಷ್ಟರಲ್ಲಿ ಕುಗ್ಗುವುದು ನೂರಕ್ಕೆ ನಾಲ್ಕೈದು ಪಾಲಷ್ಟೇ! ಎಂದರೆ ಬೀಜವು ನೆಲದ ಅತ್ಯಂತ ಬಿಸಿಯಾದ ಪದರದಲ್ಲಿಯೇ ಮಲಗಿರುತ್ತದೆ. ಆಳವಾಗಿ ಬಿತ್ತಿದರೆ ತಂಪು ಸಿಕ್ಕೀತು. ಆದರೆ ಅಷ್ಟು ಚಿಕ್ಕ ಬೀಜದಲ್ಲಿ ಶೇಖರವಾಗಿರುವ ಆಹಾರ ಮೊಳಕೆಯನ್ನು ಮೇಲಕ್ಕೆ ತಲಪಿಸಲು ಸಾಲದು. ಆದುದರಿಂದ ಬೀಜವನ್ನು ಕೆಳಗಿಳಿಸುವ ಬದಲು ಮೇಲ್ಮೈಯನ್ನೇ ಮೇಲಕ್ಕೆ ಎತ್ತಬೇಕು. ಬಿತ್ತಿದ ಪಾತಿಯ ಮೇಲೆ ಒದ್ದೆಯಾದ ಗೋಣಿತಾಟನ್ನು ಎರಡು ಮಡಿಕೆ ಹಾಸಿದರೆ ಬಿಸಿಲಿನ ಪೆಟ್ಟನ್ನು ಅದು ತಿನ್ನುವುದು. ಬೀಜಕ್ಕೆ ಕತ್ತಲೆಯೂ ದೊರೆಯುವುದು. ಹತ್ತನೆಯ ದಿನದಿಂದ ಮುಂದೆ ಪ್ರತಿದಿನವೂ ಬೆಳಗ್ಗೆ ಗೋಣಿಯನ್ನೆತ್ತಿ ನೋಡುತ್ತಿರಬೇಕು. ಮೊಳಕೆ ಕಂಡೊಡನೆ ತೆಗೆದುಬಿಡಬೇಕು. ತಡಮಾಡಿದರೆ ಸಸಿಗಳು ಬಿಳಿಚಿಕೊಂಡು ಉದ್ದವಾಗಿ ಮಲಗುವುವು. ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಮೊಳಕೆ ಬರುವುದು.

ಮೂರನೆಯ ಉಪಾಯ ಮಣ್ಣಿನ ಕುಂಡ. ಪ್ಲಾಸ್ಟಿಕ್ ಕುಂಡಕ್ಕೂ ಸುಟ್ಟ ಮಣ್ಣಿನ ಕುಂಡಕ್ಕೂ ಇರುವ ಭೇದವನ್ನು ತಿಳಿಯಬೇಕಾದರೆ ಬೇಸಿಗೆಯ ನೀರಿನ ಹೂಜಿಯನ್ನು ನೆನೆದರೆ ಸಾಕು. ಕುಂಡದ ಗೋಡೆಯ ಸೂಕ್ಷ್ಮರಂಧ್ರಗಳ ಮೂಲಕ ಹೊರಬಂದ ನೀರು ಆವಿಯಾಗುವಾಗ ಒಂದೊಂದು ಗ್ರಾಂ ನೀರೂ ಸುಮಾರು 2,450 ಜೂಲ್ ಉಷ್ಣವನ್ನು ಹೀರಿಕೊಂಡು ಹೋಗುವುದು. ಒಂದು ಲೆಕ್ಕ ಮಾಡೋಣ. ಕುಂಡದಲ್ಲಿ 10 ಕಿಲೋಗ್ರಾಂ ಒದ್ದೆ ಮಣ್ಣಿದೆಯೆನ್ನೋಣ. ಅದರ ಉಷ್ಣತೆ ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 15,000 ಜೂಲ್ ಹೊರಹೋಗಬೇಕು. 100 ಗ್ರಾಂ, ಎಂದರೆ ಒಂದು ಸಣ್ಣ ಲೋಟದಷ್ಟು, ನೀರು ಆವಿಯಾದರೆ 2,45,000 ಜೂಲ್ ಹೋದಂತಾಯಿತು. ಭಾಗಿಸಿದರೆ 16 ಡಿಗ್ರಿ ಇಳಿತ! ಇದನ್ನು ಕಪ್ಪುಹಲಗೆಯ ಮೇಲೆ ಬರೆದಾಗ ವಿದ್ಯಾರ್ಥಿಗಳು ನಂಬುವುದಿಲ್ಲ, ನಂಬದಿರುವುದೇ ಸರಿ. ಕುಂಡವು ತಣ್ಣಗಾಗುತ್ತಿದ್ದಂತೆ ಸುತ್ತಲಿನ ಗಾಳಿಯೂ ಬಿಸಿಲೂ ಅದಕ್ಕೆ ಉಷ್ಣವನ್ನು ಮರಳಿಸುತ್ತಿರುವುವು. ಅಲ್ಲದೆ, ಆವಿಯಾಗುವಿಕೆಯಿಂದ ಎಷ್ಟೇ ತಣಿದರೂ ಒದ್ದೆಬಟ್ಟೆ ಸುತ್ತಿದ ಉಷ್ಣಮಾಪಕ ತೋರಿಸುವ ಮಟ್ಟಕ್ಕಿಂತ ಕೆಳಗೆ ಹೋಗಲಾರದು. ಗಾಳಿ ಒಣಗಿದ್ದಷ್ಟೂ ಆ ಮಟ್ಟ ಕೆಳಗಿರುವುದು. ವಾಸ್ತವದಲ್ಲಿ ಲಾಭ ಕೆಲವೇ ಡಿಗ್ರಿ. ಆದರೆ 22ಕ್ಕೂ 18ಕ್ಕೂ ನಡುವಿನ ಆ ಕೆಲವು ಡಿಗ್ರಿಗಳೇ ಈ ಬೀಜಕ್ಕೆ ಮುಖ್ಯವಾದುವು. ಎರಡು ಕುಂಡಗಳನ್ನು, ಒಂದು ಮಣ್ಣಿನದು ಒಂದು ಪ್ಲಾಸ್ಟಿಕ್ಕಿನದು, ಒಂದೇ ಮಣ್ಣು ತುಂಬಿ ಅಕ್ಕಪಕ್ಕದಲ್ಲಿಟ್ಟು ಒಂದು ವಾರ ಉಷ್ಣತೆಯನ್ನು ಗುರುತುಹಾಕಿಕೊಳ್ಳುವುದು ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಯೋಗ.

ಕುಂಡದ ಅಡಿಯಲ್ಲಿ ನೀರು ಬಸಿಯಲೆಂದು ಇಟ್ಟಿಗೆಯ ಚೂರುಗಳನ್ನು ಒಂದು ಗೇಣು ತುಂಬುವ ವಾಡಿಕೆ ನಮ್ಮಲ್ಲಿ ಬಹಳವಾಗಿದೆ. ಇದು ತಪ್ಪು ನಂಬಿಕೆ. ನಯವಾದ ಮಣ್ಣಿನ ಕಣಗಳ ನಡುವಿನ ಸಂದುಗಳು ಕಿರಿದಾಗಿರುವುದರಿಂದ ಮೇಲ್ಮೈ ಕರ್ಷಣದ ಬಲದಿಂದ ಅವು ನೀರನ್ನು ಬಿಗಿಯಾಗಿ ಹಿಡಿದಿರುವುವು. ಆ ನೀರು ಇಟ್ಟಿಗೆಯ ಚೂರುಗಳ ದೊಡ್ಡ ಸಂದುಗಳಿಗೆ ಇಳಿಯಬೇಕಾದರೆ ಮಣ್ಣಿನ ಕೆಳಪದರ ಮೊದಲು ಪೂರ್ತಿಯಾಗಿ ತೊಯ್ದು ಹೋಗಬೇಕು. ಎಂದರೆ ಚೂರುಗಳನ್ನು ತುಂಬಿದಷ್ಟೂ ತೊಯ್ದ ಪದರವು ಬೇರಿಗೆ ಹತ್ತಿರವಾಗಿ ಮೇಲೇರುವುದು. ರಂಧ್ರದಿಂದ ಮಣ್ಣು ಜಾರದಂತೆ ಒಂದು ಓಡಿನ ಚೂರನ್ನು ಬೋರಲಾಗಿ ಮುಚ್ಚಿದರೆ ಸಾಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದ ಮಿಶ್ರಣ ಈ ಗಿಡಕ್ಕೆ ಒಪ್ಪುವುದು. ಹುಳಿ ಮಣ್ಣು ಆಗದು. ಅಂಥ ಮಣ್ಣಾದರೆ ಸ್ವಲ್ಪ ಸುಣ್ಣವನ್ನು ಬೆರಸಬೇಕು.

ಕುಂಡ 30 ಸೆಂಟಿಮೀಟರಾದರೂ ಆಳವಾಗಿರಬೇಕು. ಲಾರ್ಕ್‌ಸ್ಪರ್ ಎಳೆಯದಾಗಿದ್ದಾಗಲೇ ತಾಯಿಬೇರನ್ನು ನೇರವಾಗಿ ಕೆಳಕ್ಕಿಳಿಸುವುದು. ಅದು ಮುರಿದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಆದಕಾರಣ ಸಸಿಮಡಿಯಲ್ಲಿ ಬೆಳೆಸಿ ಕಿತ್ತು ನೆಡುವ ಕ್ರಮ ಇದಕ್ಕೆ ಸಲ್ಲದು. ಬೆಳೆಯಬೇಕಾದ ಜಾಗದಲ್ಲಿಯೇ ಬಿತ್ತಬೇಕು. ಹಿಂಗಾರು ಮಳೆಯ ಅಬ್ಬರ ತಗ್ಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಬಿತ್ತನೆಗೆ ಸಕಾಲ. ಸಸಿಗಳಿಗೆ ಮೂರು ನಾಲ್ಕು ಸೀಳೆಲೆಗಳು ಬಂದಾಗ ಗೇಣಿಗೊಂದರಂತೆ ಉಳಿಸಿ, ಮಿಕ್ಕವನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಬೇಕು. ಕೀಳಹೋದರೆ ಪಕ್ಕದ ಸಸಿಯ ಬೇರೂ ಅಲುಗುವುದು. ಚೆನ್ನಾಗಿ ಬೆಳೆದ ಸಸಿಯನ್ನು ಕತ್ತರಿಸಲು ಮನಸ್ಸು ಬಾರದು. ಮೊದಲ ವರ್ಷ ನಮಗೂ ಬರಲಿಲ್ಲ. ಒಂದು ಕುಂಡದಲ್ಲಿ ಹದಿನೈದು ಗಿಡ ಉಳಿಸಿಕೊಂಡು ಹದಿನೈದು ಕಡ್ಡಿಗಳನ್ನು ಪಡೆದೆವು.

ಮುಂದಿನ ಆರೈಕೆ ಹೆಚ್ಚಿನದಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಬೆಳಗ್ಗೆ ಬುಡಕ್ಕೆ ನೀರು ಹಾಕಬೇಕು. ಎಲೆಯ ಮೇಲೆ ಹಾಕಿದರೆ ಬೂದಿರೋಗಕ್ಕೆ ಆಹ್ವಾನ ಕೊಟ್ಟಂತೆಯೇ ಎಂದು ಹೇಳುವುದುಂಟಾದರೂ, ಬೂದಿರೋಗಕ್ಕೆ ಮುಖ್ಯ ಕಾರಣ ಗಿಡಗಳ ಒತ್ತು ಮತ್ತು ಗಾಳಿಯಾಡದಿರುವುದು. ಎಲೆಯ ತೇವದಿಂದ ಬರುವುವು ಬೇರೆ ರೋಗಗಳು. ಬುಡದಲ್ಲಿ ನೀರು ನಿಂತರೆ ಕೊಳೆರೋಗ ತಗಲಿ ಗಿಡ ಒಂದೇ ರಾತ್ರಿಗೆ ಒರಗುವುದುಂಟು. ಎಳೆಯ ಸಸಿಗಳಿಗೆ ಬಸವನಹುಳುವಿನ ಕಾಟವಿದೆ; ರಾತ್ರಿ ದೀಪ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಮದ್ದು ನಮಗೆ ದೊರೆತಿಲ್ಲ. ಸಾರಜನಕ ಹೆಚ್ಚಾಗಿರುವ ಗೊಬ್ಬರವನ್ನು ಕೊಟ್ಟರೆ ಕಾಂಡ ಮೆತ್ತಗಾಗಿ ಬಾಗುವುದು. ಹೂಗೊಂಚಲು ಮೊಳಕಾಲೆತ್ತರವನ್ನು ದಾಟಿದೊಡನೆ ಬಿದಿರುಕಡ್ಡಿಯ ಆಸರೆ ಕೊಡುವುದು ಕ್ಷೇಮ.

ಹೂವು ಫೆಬ್ರವರಿ, ಮಾರ್ಚಿಯಲ್ಲಿ ಬರುವುದು. ದಿನ ಉದ್ದವಾದಷ್ಟೂ ಬೇಗ ಹೂಬಿಡುವ ಜಾತಿಯ ಸಸ್ಯ ಇದು. ತವರಿನಲ್ಲಿ ಮೇ, ಜೂನ್ ತಿಂಗಳ ಹದಿನಾಲ್ಕು ಹದಿನೈದು ಗಂಟೆಗಳ ಹಗಲನ್ನು ಕಾಣುವ ಗಿಡಕ್ಕೆ, ಬೆಂಗಳೂರಿನ ಅತ್ಯಂತ ದೀರ್ಘವಾದ ಹಗಲೂ ಹದಿಮೂರು ಗಂಟೆಯನ್ನು ಮುಟ್ಟುವುದಿಲ್ಲ. ಅದು ಬರುವ ಹೊತ್ತಿಗೆ ಗಿಡವೇ ಇರುವುದಿಲ್ಲ. ಪಡಸಾಲೆಯ ದೀಪದ ಬೆಳಕು ಸಂಜೆ ಮೂರು ನಾಲ್ಕು ಗಂಟೆ ಬೀಳುವಂತೆ ಒಂದು ಕುಂಡವನ್ನಿಟ್ಟು, ಕತ್ತಲಿನಲ್ಲಿ ಇನ್ನೊಂದನ್ನಿಟ್ಟು, ಯಾವುದು ಮೊದಲು ಹೂಬಿಡುವುದೆಂದು ನೋಡಬಹುದು.

ಹೂವಿನ ರಚನೆಯನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ನಾವು ದಳಗಳೆಂದು ತಿಳಿಯುವ ಐದು ಬಣ್ಣದ ಎಸಳುಗಳು ನಿಜವಾಗಿ ದಳಗಳಲ್ಲ. ಅವು ಮೊಗ್ಗನ್ನು ಕಾಪಾಡುವ ಪುಷ್ಪಪಾತ್ರೆಯ ಎಸಳುಗಳು. ಮೇಲಿನ ಎಸಳು ಹಿಂದಕ್ಕೆ ಚಾಚಿ ಬಾಲವಾಗಿದೆ. ನಿಜವಾದ ದಳವೂ ತನ್ನದೊಂದು ಬಾಲವನ್ನು ಅದರೊಳಕ್ಕೆ ತೂರಿಸಿ ಅಲ್ಲಿ ಮಕರಂದವನ್ನು ಇಟ್ಟುಕೊಂಡಿರುವುದು. ನೀಳನಾಲಗೆಯ ದುಂಬಿಗೆ ಮಾತ್ರ ಅದು ಎಟುಕುವುದು. ಕೆಲವು ದುಂಬಿಗಳು ಇಂತಹ ಹೂಗಳ ಬಾಲವನ್ನು ಹೊರಗಿನಿಂದಲೇ ಕಡಿದು, ಪರಾಗದ ಸುಂಕವನ್ನು ತೆರದೆ, ಮಕರಂದವನ್ನು ಕದ್ದುಕೊಂಡು ಹೋಗುವುದುಂಟು. ದಳದ ಮೇಲೆ ಕಾಣುವ ಗೀಟುಗಳಲ್ಲಿ ಗ್ರೀಕರು ಅಯಾಸ್ ಎಂಬ ವೀರನ ಹೆಸರಿನ ಮೊದಲ ಅಕ್ಷರಗಳನ್ನು ಓದಿದರು. ಗ್ರೀಕ್ ಭಾಷೆಯಲ್ಲಿ ಅವೇ ಅಕ್ಷರಗಳು ನಮ್ಮ 'ಅಯ್ಯೋ' ಎಂಬಂತಹ ಶೋಕೋದ್ಗಾರವೂ ಹೌದು. ಅಜಾಸಿಸ್ ಎಂಬ ಪ್ರಭೇದನಾಮ ಈ ಕಥೆಯಿಂದ ಬಂದುದು. ವಾರ್ಷಿಕ ಲಾರ್ಕ್‌ಸ್ಪರ್‌ಗಳನ್ನು ಕನ್ಸಾಲಿಡ ಎಂಬ ಪ್ರತ್ಯೇಕ ಕುಲದಲ್ಲಿ ಬಹುಕಾಲ ಇಟ್ಟಿದ್ದರು. ಅವು ಡೆಲ್ಫಿನಿಯಮ್ ಕುಲದೊಳಗಿನ ಒಂದು ಕವಲೇ ಎಂದು ಡಿ.ಎನ್.ಎ. ಹೋಲಿಕೆಯಿಂದ 2011ರಲ್ಲಿ ತೋರಿಸಲಾಯಿತು.

ನೀಲಿಯ ಬಣ್ಣಕ್ಕೆ ಕಾರಣವಾದ ವಸ್ತುವಿಗೆ ಡೆಲ್ಫಿನಿಡಿನ್ ಎಂಬ ಹೆಸರೇ ಈ ಕುಲದಿಂದ ಬಂದಿದೆ. ಸಸ್ಯವರ್ಣಗಳ ಸಂಶೋಧನೆಗಾಗಿ 1915ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದ ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಇಂತಹ ವರ್ಣಗಳನ್ನು ಬೇರ್ಪಡಿಸಿದವರಲ್ಲಿ ಮುಖ್ಯರು. ನಮ್ಮ ಬದನೆಕಾಯಿಯ ಸಿಪ್ಪೆಯ ನೇರಿಳೆಗೂ ಶಂಖಪುಷ್ಪದ ನೀಲಿಗೂ ಮೂಲ ಇದೇ ಡೆಲ್ಫಿನಿಡಿನ್. ಗುಲಾಬಿಗೆ ಇದನ್ನು ತಯಾರಿಸುವ ಶಕ್ತಿಯಿಲ್ಲ. ಬೇರೊಂದು ಸಸ್ಯದ ಜೀನನ್ನು ಸೇರಿಸಿ ಅದಕ್ಕೆ ಆ ಶಕ್ತಿಯನ್ನು ಕೊಟ್ಟ 'ನೀಲಿ' ಗುಲಾಬಿ 2009ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ಅದನ್ನು ನೀಲಿಯೆನ್ನುವುದು ವ್ಯಾಪಾರಿಯ ಕಣ್ಣು. ಸಾಮಾನ್ಯರ ಕಣ್ಣಿಗೆ ಅದು ನೇರಿಳೆ. ವರ್ಣದ್ರವ್ಯ ಒಂದೇ ಆದರೂ ಜೀವಕೋಶದ ರಸ ಎಷ್ಟು ಹುಳಿಯೆಂಬುದನ್ನು ಅನುಸರಿಸಿ ಛಾಯೆ ಬದಲಾಗುವುದು. ಇದನ್ನು ಪರೀಕ್ಷಿಸಬೇಕೆನ್ನುವವರು ಶಂಖಪುಷ್ಪವನ್ನು ಬಿಸಿನೀರಿನಲ್ಲಿ ನೆನೆಸಿ ನಿಂಬೆರಸವನ್ನು ಹಿಂಡಿ ನೋಡಲಿ. ಲಾರ್ಕ್‌ಸ್ಪರ್‌ನಲ್ಲಿ ಈ ಪ್ರಯೋಗ ಬೇಡ.

ಬೇಡವೆನ್ನಲು ಕಾರಣವಿದೆ. ಲಾರ್ಕ್‌ಸ್ಪರ್ ವಿಷದ ಗಿಡ. ಘೋರ ವಿಷವೆಂದು ನಮ್ಮ ವೈದ್ಯರು ಬಲ್ಲ ವತ್ಸನಾಭಿಗೆ ಇದು ಹತ್ತಿರದ ಬಂಧು. ಇದರ ಎಲ್ಲ ಭಾಗಗಳಲ್ಲಿಯೂ, ವಿಶೇಷವಾಗಿ ಬೀಜದಲ್ಲಿ ಮತ್ತು ಎಳೆಯ ಸಸಿಯಲ್ಲಿ, ಆಲ್ಕಲಾಯ್ಡ್‌ಗಳೆಂಬ ಕಹಿವಸ್ತುಗಳಿವೆ. ನರದಿಂದ ಸ್ನಾಯುವಿಗೆ ಆಜ್ಞೆಯನ್ನು ಒಯ್ಯುವ ಅಸಿಟೈಲ್‌ಕೋಲೀನ್ ಎಂಬ ವಸ್ತುವು ಸ್ನಾಯುವಿನಲ್ಲಿ ನೆಲಸಬೇಕಾದ ಜಾಗವನ್ನು ಇವು ಆಕ್ರಮಿಸಿಕೊಳ್ಳುವುವು. ಆಜ್ಞೆ ಮುಟ್ಟದೆ ಸ್ನಾಯುಗಳು ಸೋಲುವುವು. ಉಸಿರಾಟದ ಸ್ನಾಯುಗಳು ಸೋತರೆ ಪ್ರಾಣಾಪಾಯ. ಅಮೆರಿಕದ ಪಶ್ಚಿಮ ಭಾಗದ ಹುಲ್ಲುಗಾವಲುಗಳಲ್ಲಿ ಇದರ ಕಾಡುಬಂಧುಗಳನ್ನು ಮೇಯ್ದು ದನಗಳು ಸಾಯುವುದು ಅಲ್ಲಿನ ಗೋಪಾಲಕರ ಹಳೆಯ ತೊಂದರೆ. ಕುರಿಗಳು ಈ ವಿಷವನ್ನು ದನಗಳಿಗಿಂತ ಹೆಚ್ಚು ತಡೆದುಕೊಳ್ಳಬಲ್ಲವಾದ್ದರಿಂದ ಮೊದಲು ಕುರಿಗಳನ್ನು ಮೇಯಿಸಿ ಅನಂತರ ದನಗಳನ್ನು ಬಿಡುವ ಪದ್ಧತಿಯೂ ಅಲ್ಲಿದೆ.

ಇದನ್ನೆಲ್ಲ ಪುಸ್ತಕದಲ್ಲಿ ಓದಿದ್ದ ನಾವೇ ಎಡವಿದೆವು. ಎರಡನೆಯ ವರ್ಷ ಗಿಡದಿಂದ ಸಂಗ್ರಹಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೆಸರು ಬರೆಯದೆ, ಶೀತಕಪೆಟ್ಟಿಗೆಯಲ್ಲಿ ಇಟ್ಟಿದ್ದೆವು. ಬೀಜ ಕಪ್ಪು, ಎರಡು ಮಿಲಿಮೀಟರ್ ಗಾತ್ರ, ಒರಟು. ಮನೆಯಲ್ಲಿ ಎಲ್ಲರಿಗೂ ನೆಗಡಿಯಾಗಿದ್ದ ಒಂದು ಸಂಜೆ ನಮ್ಮ ತಾಯಿಯವರು ಕಷಾಯಕ್ಕೆಂದು ಅದನ್ನು ಕರಿಜೀರಿಗೆಯೆಂದು ತಿಳಿದು ತೆಗೆದರು. ಕರಿಜೀರಿಗೆಯೂ ಇದೇ ಸಸ್ಯಕುಟುಂಬಕ್ಕೆ ಸೇರಿದ್ದು ಎಂಬುದು ವಿಧಿಯ ವಿನೋದವಿರಬೇಕು! ಒಂದು ಚಮಚದಷ್ಟನ್ನು ಕಲ್ಲಿನಲ್ಲಿ ಜಜ್ಜಿದಾಗ ಕರಿಜೀರಿಗೆಯ ಘಾಟು ಬರಲಿಲ್ಲ. "ಇದೇನಪ್ಪ, ವಾಸನೆಯೇ ಇಲ್ಲ, ಹುಳು ಹಿಡಿದಿದೆಯೇ ನೋಡು" ಎಂದು ಅವರು ಕಲ್ಲನ್ನು ನಮ್ಮ ಮೂಗಿನ ಬಳಿ ಹಿಡಿದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಮನೆಯಲ್ಲಿ ಆಗ ಐದು ವರ್ಷದ ಮಗುವೂ ಇದ್ದಿತು. ಜಜ್ಜಿದ ಕಲ್ಲನ್ನು ಅಂದು ಎಷ್ಟು ಬಾರಿ ತೊಳೆದೆವೆಂಬುದು ನೆನಪಿಲ್ಲ.

ಆದುದರಿಂದ ಕೆಲವು ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಕೊತ್ತಂಬರಿ, ಸಬ್ಬಸಿಗೆ ಬೆಳೆಯುವ ಪಾತಿಯ ಹತ್ತಿರ ಲಾರ್ಕ್‌ಸ್ಪರ್ ಬೇಡ. ಎಳೆಯ ಎಲೆಗಳಲ್ಲಿ ಹೋಲಿಕೆ ಬಹಳ. ಕತ್ತರಿಸಿದ ಗಿಡವನ್ನು ದನದ ಬಾನಿಗೆ ಹಾಕಬಾರದು. ಮುಟ್ಟಿದ ಮೇಲೆ ಕೈತೊಳೆಯಬೇಕು. ಶೀತಕಪೆಟ್ಟಿಗೆಯಲ್ಲಿಡುವ ಡಬ್ಬಿಯ ಮೇಲೆ 'ವಿಷ' ಎಂಬ ಪದವನ್ನು ದಪ್ಪಕ್ಷರಗಳಲ್ಲಿ ಬರೆದು, ಮನೆಯಲ್ಲಿ ಎಲ್ಲರಿಗೂ ಬಾಯಿಮಾತಿನಲ್ಲಿಯೂ ತಿಳಿಸಬೇಕು. ಯಾರಾದರೂ ತಿಂದುದು ತಿಳಿದರೆ ಮನೆಮದ್ದಿಗೆ ಕಾಲ ಕಳೆಯದೆ, ಗಿಡದ ಒಂದು ತುಂಡಿನೊಡನೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪುಟ್ಟ ಮಕ್ಕಳೋ ಮೇಯುವ ದನಕರುಗಳೋ ಇರುವ ಅಂಗಳದಲ್ಲಿ ಇದನ್ನು ಬೆಳೆಸದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ. ನಾವು ಕುಂಡಗಳನ್ನು ಮಾಳಿಗೆಗೆ ಸಾಗಿಸಿದ್ದೇವೆ.

ಹೂವನ್ನು ಕೊಯ್ದು ಹೂದಾನಿಯಲ್ಲಿಡುವವರಿಗೆ ಒಂದು ಮಾತು. ಪಕ್ಕದಲ್ಲಿ ಮಾಗಿದ ಬಾಳೆಹಣ್ಣಿನ ಚಿಪ್ಪನ್ನು ಇಟ್ಟರೆ ಎಸಳುಗಳು ಬೇಗ ಉದುರುವುವು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲಕ್ಕೆ ಈ ಹೂವು ಬಹಳ ನಾಜೂಕು. ಒಣಗಿಸಿಡಬೇಕೆಂದರೆ, ಮೂರರಲ್ಲಿ ಎರಡು ಪಾಲು ಹೂಗಳು ಅರಳಿದಾಗ ಕೊಯ್ದು, ಕತ್ತಲೆಯ ಗಾಳಿಯಾಡುವ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಬೇಕು. ಎರಡು ಮೂರು ವಾರಗಳಲ್ಲಿ ಒಣಗುವುದು. ನೀಲಿ ಬಣ್ಣ ಬಹುಮಟ್ಟಿಗೆ ಉಳಿಯುವುದು.

ಬೀಜಕ್ಕಾಗಿ ಒಂದೆರಡು ಗಿಡಗಳನ್ನು ಕೊಯ್ಯದೆ ಬಿಡಬೇಕು. ಒಂದೊಂದು ಹೂವಿಗೆ ಒಂದೇ ಕಾಯಿ. ಅದು ಕಂದುಬಣ್ಣಕ್ಕೆ ತಿರುಗಿ ತುದಿಯಲ್ಲಿ ಬಿರಿಯಲು ತೊಡಗಿದಾಗ, ಬೆಳಗಿನ ತೇವವಿರುವಾಗಲೇ ಕಾಗದದ ಚೀಲದೊಳಕ್ಕೆ ಬಗ್ಗಿಸಿ ಕತ್ತರಿಸಬೇಕು. ಮಧ್ಯಾಹ್ನಕ್ಕೆ ಬಿಟ್ಟರೆ ಅರ್ಧ ಬೀಜ ನೆಲದ ಪಾಲು. ನೆರಳಿನಲ್ಲಿ ಒಂದು ವಾರ ಒಣಗಿಸಿ ಗಾಜಿನ ಸೀಸೆಯಲ್ಲಿ ತುಂಬಿ, ಸಂಗ್ರಹಿಸಿದ ತಿಂಗಳನ್ನೂ ವರ್ಷವನ್ನೂ ಬರೆದಿಡಬೇಕು. ಹಳೆಯದಾದಷ್ಟೂ ಮೊಳೆಯುವ ಶಕ್ತಿ ಕುಂದುವುದರಿಂದ ಬರುವ ಅಕ್ಟೋಬರಿನಲ್ಲಿಯೇ ಬಿತ್ತುವುದು ಒಳ್ಳೆಯದು. ನಮ್ಮ ಸೀಸೆ ಈಗ ಅಡಿಗೆಮನೆಯಲ್ಲಿಲ್ಲ. ಪುಸ್ತಕದ ಬೀರುವಿನಲ್ಲಿ, ಬೀಗದೊಳಗೆ, ಉಷ್ಣಮಾಪಕದ ಪಕ್ಕದಲ್ಲಿದೆ. ಬಿತ್ತನೆಗೆ ಎರಡು ವಾರ ಮುಂಚೆ ಮಾತ್ರ, ಹೆಸರು ಬರೆದ ಡಬ್ಬಿಯಲ್ಲಿ, ಅದರ ಬೀಜ ಶೀತಕಪೆಟ್ಟಿಗೆಗೆ ಹೋಗುತ್ತದೆ.